ಶೇಖರಪ್ಪನ ಅಂಗಿಯ ಟಕ್ಸ್

ಇಂಗ್ಲಿಷರ ನಾಡಿನ ಹ್ಯಾರೋದ ಈಜುಕೊಳದಲ್ಲಿ ಭಾನುವಾರ ಬೆಳಿಗ್ಗೆ ಬರುವವರಿಗೆಲ್ಲ ಶೇಖರಪ್ಪ ಗೊತ್ತು. ಐವತ್ತೆರಡು ವರ್ಷ, ಗಿಡ್ಡ ಆಳು, ದಪ್ಪ ಮೀಸೆ, ಮೀಸೆಯ ಕೆಳಗೆ ಸದಾ ನಗೆ, ಎದೆಯ ಮೇಲೆ ಎರಡು ದುಂಡನೆಯ ಮೊಲೆ. ಅವನ್ನು ಮುಚ್ಚಿಕೊಳ್ಳಲು ಅವನು ಟವೆಲ್ ಹೊದೆಯುತ್ತಿರಲಿಲ್ಲ, ಬೆನ್ನು ಬಾಗಿಸುತ್ತಿರಲಿಲ್ಲ.

1999ರ ಚಳಿಗಾಲದಲ್ಲಿ ಅವನ ಹೃದಯ ಕೈಕೊಟ್ಟಿತ್ತು. ಆಸ್ಪತ್ರೆಯವರು ಕೊಟ್ಟ ಮಾತ್ರೆಯಿಂದ ಜೀವ ಉಳಿಯಿತು, ವರ್ಷದೊಳಗೆ ಎದೆ ಬೆಳೆಯಿತು. ಬೇಕಿದ್ದರೆ ಮಾತ್ರೆ ಬದಲಿಸಿ ನೋಡೋಣ ಎಂದರು ಜಿಪಿ, ಓಣಿಯ ಡಾಕ್ಟರು.

“ಎದಿ ಬಡಿಯೂದು ಮುಖ್ಯ ಡಾಕ್ಟರ, ಹೆಂಗ ಕಾಣತೈತಿ ಅಂಬೂದಲ್ಲ” ಎಂದು ಶೇಖರಪ್ಪ ಕನ್ನಡದಲ್ಲೇ ಹೇಳಿ, ಹೆಂಡತಿಯ ಕಡೆ ತಿರುಗಿ, “ಹೇಳ ಅವರಿಗೆ” ಎಂದ. ನೀಲವ್ವ ಫ್ಯಾಕ್ಟರಿ ಕೆಲಸದಲ್ಲಿ ಕಲಿತ ಇಂಗ್ಲಿಷಿನಲ್ಲಿ ಹೇಳಿದಳು. ಜಿಪಿ ನಕ್ಕು ಕುಲುಕಿದ್ದು ಶೇಖರಪ್ಪನ ಕೈಯನ್ನು.

ಬೇಸಿಗೆಯಲ್ಲಿ ಹಿತ್ತಲ ಹುಲ್ಲು ಕತ್ತರಿಸುವಾಗಲೂ ಅವನು ಬರಿಮೈಯಲ್ಲೇ ಇರುತ್ತಿದ್ದ. ಕೆಲಸಕ್ಕೆ ಹೋಗುವ ಬಸ್ ಡಿಪೋದಲ್ಲಿ ಯಾರೋ ಚುಡಾಯಿಸಿದರೆ, “ನಿನಗ ಹೊಟ್ಟಿ ಬಂದೈತಿ, ನನಗ ಎದಿ ಬಂದೈತಿ, ತೂಕ ಒಂದs” ಎಂದು ತಾನೇ ಮೊದಲು ನಗುತ್ತಿದ್ದ. ನಾಚಿಕೆಯ ಪಾಲು ಬರುತ್ತಿದ್ದದ್ದು ನೀಲವ್ವನಿಗೆ. ಊರ ಕಡೆಯ ಹೆಂಗಸರು ಅಡುಗೆಮನೆಗೇ ಬಂದು ಪಿಸುಗುಡುತ್ತಿದ್ದರು: “ಅಲ್ಲವ್ವಾ, ನೀನರ ಒಂದು ಬನಿಯನ್ ಹಾಕ್ಕೊ ಅಂತ ಹೇಳಬಾರದನ?” ಅವನು ಹತ್ತು ಮಾರು ದೂರದಲ್ಲಿ ಕುಳಿತು ಚಹಾ ಕುಡಿಯುತ್ತಿರುತ್ತಿದ್ದ. ಅವನಿಗೆ ಹೇಳಲು ಯಾರೂ ಹೋಗುತ್ತಿರಲಿಲ್ಲ.

ಅಂಗಿಗಳ ಕೆಲಸ ಶುರುವಾದದ್ದು ಆಗಲೇ. ಎದೆಗೆ ಸರಿಹೋಗುವ ಅಂಗಿ ಕೊಂಡರೆ ಹೆಗಲು ಮೊಳಕೈ ಕಡೆ ಜಾರುತ್ತಿತ್ತು. ಹೆಗಲಿಗೆ ಸರಿಹೋಗುವುದನ್ನು ಕೊಂಡರೆ ನಡುವಿನ ಗುಂಡಿಗಳು ಬಾಯಿಬಿಡುತ್ತಿದ್ದವು. ಧಾರವಾಡದಲ್ಲಿ ಮದುವೆಗೆ ಮುಂಚೆ ನೀಲವ್ವ ಓಣಿಯ ಹೆಂಗಸರಿಗೆಲ್ಲ ಕುಪ್ಪಸ ಹೊಲಿದುಕೊಟ್ಟವಳು. ಅವಳು ಒಂದು ಅಳತೆ ದೊಡ್ಡ ಅಂಗಿ ತಂದಳು. ತೋಳು ಬಿಚ್ಚಿ ಹೆಗಲು ಕತ್ತರಿಸಿ, ಕಂಕುಳ ಕೆಳಗಿನಿಂದ ಎದೆಯ ಕಡೆಗೆ ಎರಡೂ ಬದಿ ಬಟ್ಟೆ ಒಳಕ್ಕೆ ಮಡಚಿ ಹೊಲಿದು ಒಂದೊಂದು ಟಕ್ಸ್ ಹಿಡಿದಳು, ಕುಪ್ಪಸಕ್ಕೆ ಹಿಡಿಯುವ ಹಾಗೆಯೇ. ಮತ್ತೆ ತೋಳು ಕೂಡಿಸಿ ಇಸ್ತ್ರಿ ಹೊಡೆದಳು. ಕೈ ಎತ್ತಿದರೂ ಹೊರಗೆ ಕಾಣುತ್ತಿರಲಿಲ್ಲ. ಅಂಗಿ ಮೈಮೇಲೆ ನೀರಿನ ಹಾಗೆ ಇಳಿಯಿತು.

ಒಂದು ಅಂಗಿಗೆ ಎರಡು ಸಂಜೆ. ಮೂರು ವರ್ಷದಲ್ಲಿ ಇಪ್ಪತ್ತಾರು ಅಂಗಿ. ಹರಿದ ಕಾಲುಚೀಲ ಹೊಲಿದದ್ದನ್ನು ಯಾರಾದರೂ ಗಂಡನಿಗೆ ವರದಿ ಮಾಡುತ್ತಾರೆಯೇ? ಅವಳು ಇದನ್ನೂ ಹೇಳಲಿಲ್ಲ. ಅವನೂ ಕೇಳಲಿಲ್ಲ. “ಈ ದೇಶದ ಅಂಗಿ ಅಂದ್ರ ಅಂಗಿ. ಎಂಥಾ ಮೈಗೂ ಕೂಡತಾವ” ಎಂದು ಕನ್ನಡಿಯ ಮುಂದೆ ಮೆಚ್ಚಿಕೊಳ್ಳುತ್ತಿದ್ದ.

ಅವನು ಕೆಟ್ಟವನಲ್ಲ. ಪಕ್ಕದ ವೆಂಬ್ಲಿಯಲ್ಲಿರುವ ಮೈಸೂರಿನ ರಾಮಪ್ರಸಾದರಿಗೆ ಪ್ರಾಸ್ಟೇಟಿನ ಔಷಧಿಯಿಂದ ಇದೇ ಆಗಿತ್ತು. ಜುಲೈ ತಿಂಗಳಲ್ಲೂ ಕೋಟು ಬಿಚ್ಚುತ್ತಿರಲಿಲ್ಲ, ಹೊರಗೆ ಬರುವುದನ್ನೇ ಬಿಟ್ಟಿದ್ದರು. ಶೇಖರಪ್ಪ ಅವರ ಮನೆಗೆ ಹೋಗಿ ಕೈಹಿಡಿದು ಈಜಲು ಕರೆದೊಯ್ದ. ಮೂರನೇ ವಾರಕ್ಕೆ ರಾಮಪ್ರಸಾದರು, ಬನಿಯನ್ ತೊಟ್ಟೇ ಆದರೂ, ತಾವೇ ನೀರಿಗಿಳಿದರು. ಅವರ ಹೆಂಡತಿ ಶೋಭಾ ಕಣ್ಣೀರು ಹಾಕಿಕೊಂಡು ನೀಲವ್ವನ ಮನೆಗೆ ಬಂದರು.

“ನಿಮ್ಮ ಯಜಮಾನರು ನಮ್ಮವರಿಗೆ ಜೀವ ಕೊಟ್ರು ಕಣ್ರೀ. ಎಂಥ ಧೈರ್ಯ ಅವರದು!” ಎಂದವರೇ ಚೀಲದಿಂದ ಆರು ಅಂಗಿ ತೆಗೆದರು. “ನೀವು ಅವರ ಅಂಗಿಗೆ ಏನೋ ಮಾಡ್ತೀರಲ್ಲ, ನಂಗೆ ಗೊತ್ತು. ಇವನ್ನೂ ಸ್ವಲ್ಪ ನೋಡಿ.”

ಧೈರ್ಯ ಅವನದು, ಅಂಗಿ ಇವಳದು. ನೀಲವ್ವ ಆರನ್ನೂ ಹೊಲಿದುಕೊಟ್ಟಳು.

ಹಗಲು ಅವಳು ಸ್ಯಾಂಡ್‌ವಿಚ್ ಫ್ಯಾಕ್ಟರಿಯ ತಣ್ಣನೆಯ ಕೋಣೆಯಲ್ಲಿ, ತಲೆಗೆ ಜಾಲರಿ ಕಟ್ಟಿಕೊಂಡು, ಬ್ರೆಡ್ಡಿನ ಮೇಲೆ ಸೌತೆಕಾಯಿ ಜೋಡಿಸುತ್ತಿದ್ದಳು. ಹದಿನಾಲ್ಕು ವರ್ಷ. ಬೆರಳ ತುದಿ ಬೆಳ್ಳಗಾಗಿ ಜೋಮು ಹಿಡಿಯತೊಡಗಿತ್ತು. ಹೀಗೇ ಇನ್ನೆರಡು ವರ್ಷ ಹೋದರೆ ಸೂಜಿ ಹಿಡಿಯುವ ಕೈ ಉಳಿಯುವುದಿಲ್ಲ ಎಂದು ಅವಳಿಗೇ ಗೊತ್ತಿತ್ತು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯವರು ಬಟ್ಟೆ ಸರಿಪಡಿಸುವ ವಿಭಾಗಕ್ಕೆ ಒಬ್ಬರು ಬೇಕೆಂದಿದ್ದರು. ಬೆಚ್ಚನೆಯ ಕೋಣೆ, ಕುಳಿತು ಮಾಡುವ ಕೆಲಸ. ಅವಳ ಕೈಕೆಲಸ ನೋಡಿ ಒಪ್ಪಿದರು. ಜೂನ್ ಕೊನೆಯೊಳಗೆ ಕಾಲೇಜಿನ ಹೊಲಿಗೆ ಸರ್ಟಿಫಿಕೇಟು ತಂದರೆ ಕೆಲಸ ನಿಮ್ಮದು ಎಂದರು.

2003ರ ಮೊದಲ ಆರು ತಿಂಗಳು ನೀಲವ್ವ ಫ್ಯಾಕ್ಟರಿಯಿಂದ ನೇರವಾಗಿ ಸಂಜೆಯ ತರಗತಿಗೆ ಹೋದಳು. ರೊಟ್ಟಿಯನ್ನು ಮುಂಜಾನೆಯೇ ಬಡಿದಿಟ್ಟು ಹೋಗುತ್ತಿದ್ದಳು. ಕೊನೆಯ ಪರೀಕ್ಷೆಗೆ ಸುಲಭವಾಗಿ ಅಳತೆ ಸಿಗದ ಮೈಗೆ ಒಂದು ಉಡುಪು ಹೊಂದಿಸಿ ತರಬೇಕಿತ್ತು. ತೊಡುವವರು ಜೊತೆಗೆ ಬಂದು ಪರೀಕ್ಷಕರ ಮುಂದೆ ನಿಲ್ಲಬೇಕು. ನೀಲವ್ವ ಗಂಡನ ಬಿಳಿ ಅಂಗಿ ಆರಿಸಿದಳು. ಶೇಖರಪ್ಪ, “ಬರತೇನಿ ಬಿಡ. ಈಜುಕೊಳದಾಗ ನಿಂತಾಂವ, ಕಾಲೇಜಿನ್ಯಾಗ ನಿಂದರೂದೇನ ದೊಡ್ಡದು?” ಎಂದಿದ್ದ.

ಹಿಂದಿನ ಸಂಜೆ ಅವಳು ಅಂಗಿ ಇಸ್ತ್ರಿ ಮಾಡಿ, ನಾಳೆ ಅವನು ಗಾಬರಿಯಾಗಬಾರದೆಂದು ಒಳಮೈ ಹೊರಳಿಸಿ ತೋರಿಸಿದಳು. “ಅವರು ಇದನ್ನ ನೋಡ್ತಾರ್ರೀ. ಈ ಟಕ್ಸ್.”

ಶೇಖರಪ್ಪ ಬೆರಳಾಡಿಸಿದ. “ಇದು ಕುಪ್ಪಸದ್ದು.”

“ಹೌದು.”

“ನನ್ನ ಅಂಗಿಗೆ?”

“ನಿಮ್ಮ ಎಲ್ಲಾ ಅಂಗಿಗೂ. ಮೂರು ವರ್ಷ ಆತು.”

ಅವನು ಎದ್ದು ಕಪಾಟು ತೆರೆದು ಒಂದೊಂದೇ ಅಂಗಿ ತೆಗೆದು ಕಂಕುಳು ಹೊರಳಿಸಿ ನೋಡಿದ. ಮುಖ ಕೆಂಪಾಯಿತು. “ನಾ ಯಾರ ಮುಂದೂ ಮುಚ್ಚಿಟ್ಟಾಂವ ಅಲ್ಲ. ಇಡೀ ಹ್ಯಾರೋಕ್ಕ ಗೊತ್ತೈತಿ. ನೀ ಹಿಂದಿನಿಂದ ಕದ್ದು ಮುಚ್ಚಾಕತ್ತಿದ್ದಿ.”

“ಮುಚ್ಚಿಲ್ರೀ. ಜಾಗಾ ಮಾಡೀನಿ.”

“ಹೆಂಗಸರ ಹೊಲಿಗಿ ಹಾಕ್ಕೊಂಡು ತಿರಗ್ಯಾನ ಅಂತ ನಾಳೆ ಮಂದಿ ನಗಬೇಕಾ?”

“ಮೊಲಿ ಇದ್ದದ್ದಕ್ಕ ನಾಚಿಕಿಲ್ಲ, ಟಕ್ಸ್ ಇದ್ದದ್ದಕ್ಕ ನಾಚಿಕಿ ಏನ್ರಿ ನಿಮಗ?”

“ಮೊಲಿ ನನ್ನವು. ಟಕ್ಸ್ ನಿನ್ನವು” ಎಂದ ಶೇಖರಪ್ಪ. “ನಾ ಬರಂಗಿಲ್ಲ.”

ಮಗಳು ನೇತ್ರಾ ಮೆಟ್ಟಿಲಿಳಿದು ಬಂದಳು. “ಡ್ಯಾಡ್, ಯೂ ಪ್ರಾಮಿಸ್ಡ್. ಇಟ್ಸ್ ಹರ್ ಜಾಬ್!”

“ನಿನಗ ತಿಳಿಯೂದಿಲ್ಲ, ಸುಮ್ಮನಿರ.”

ಮರುದಿನ ನೀಲವ್ವ ಅಂಗಿಯನ್ನು ಹ್ಯಾಂಗರಿನಲ್ಲಿ ಹಿಡಿದುಕೊಂಡು ಒಬ್ಬಳೇ ಹೋದಳು. ಕಾಲೇಜಿನ ಗೊಂಬೆಗೆ ತೊಡಿಸಿದರೆ ಹೆಂಗಸಿನ ಗೊಂಬೆಗೆ ಹೆಗಲು ಸಾಲದು, ಗಂಡಸಿನ ಗೊಂಬೆಗೆ ಎದೆ ಸಾಲದು. ಪರೀಕ್ಷಕಿ ಹೊಲಿಗೆಯನ್ನು ಬಹಳ ಹೊಗಳಿದಳು. ಮೈಮೇಲೆ ಹೇಗೆ ಕೂಡುತ್ತದೆ ಎಂದು ನೋಡದೆ ಅಂಕ ಕೊಡಲಾಗದು, ನವೆಂಬರಿನಲ್ಲಿ ಮತ್ತೆ ಬನ್ನಿ ಎಂದಳು. ಜುಲೈ ಮೊದಲ ವಾರ ಅಂಗಡಿಯಿಂದ ಕಾಗದ ಬಂತು: ಕೆಲಸ ಬೇರೆಯವರಿಗೆ ಕೊಟ್ಟಾಯಿತು.

ಅಂದಿನಿಂದ ನೀಲವ್ವ ಅವನ ಅಂಗಿ ಮುಟ್ಟಲಿಲ್ಲ. ಅವನೂ ಹಳೆಯವನ್ನೆಲ್ಲ ಚೀಲಕ್ಕೆ ತುಂಬಿ ಚಾರಿಟಿ ಅಂಗಡಿಗೆ ಕೊಟ್ಟು, ಹೊಸ ಅಂಗಿಗಳನ್ನು ತಂದುಕೊಂಡ. ಗುಂಡಿ ಬಾಯಿಬಿಟ್ಟಾಗ ಅವನ ಹಮ್ಮು ಇಳಿಯಬಹುದು ಎಂದು ಅವಳ ಒಳಗೊಂದು ಆಸೆಯಿತ್ತು. ಇಳಿಯಲಿಲ್ಲ. ಮೇಲಿನ ನಾಲ್ಕು ಗುಂಡಿ ಬಿಚ್ಚಿಕೊಂಡು ಅವನು ಮೊದಲಿನಷ್ಟೇ ಆರಾಮಾಗಿ ತಿರುಗಿದ. ಹೆಂಗಸರು ಮತ್ತೆ ಅಡುಗೆಮನೆಗೆ ಬಂದರು: “ಏನ ನೀಲವ್ವ, ಗಂಡಗ ಒಂದು ನೆಟ್ಟನ ಅಂಗಿ ಹಾಕಿ ಕಳಸಾಕ ಆಗೂದಿಲ್ಲನ ನಿನಗ? ಹೊಲಿಗಿ ಬರತೈತಿ ಅಂತೀ.”

“ಅಂಗಿ ಹಾಕ್ಕೊಂಡಾಂವ ಹೊರಗ ಕುಂತಾನ. ಅವನ್ನ ಕೇಳ್ರಿ” ಎಂದಳು ನೀಲವ್ವ. ಯಾರೂ ಕೇಳಲಿಲ್ಲ. ಅವಳಿಗೆ ಬಾಯಿ ಜೋರಾಯಿತು ಎಂದರು.

ಅಕ್ಟೋಬರಿನಲ್ಲಿ ಶೋಭಾ ಜೊತೆ ರಾಮಪ್ರಸಾದರು ಬಂದರು. ಕೋಟಿನ ಗುಂಡಿ ಹಾಕಿಕೊಂಡೇ ಸೋಫಾದ ತುದಿಯಲ್ಲಿ ಕುಳಿತರು. “ನೇತ್ರಾ ಹೇಳಿದ್ಲು. ಪರೀಕ್ಷೆಗೆ ನಾನು ಬರ್ತೀನಮ್ಮ. ಆದರೆ ಹೆಂಗಸರ ಮುಂದೆ ಬಿಚ್ಚಕ್ಕೆ ಮಾತ್ರ ಆಗಲ್ಲ.”

“ಬಿಚ್ಚೂದು ಬ್ಯಾಡ್ರಿ ಸರ. ಹಾಕ್ಕೊಂಡು ನಿಂತರ ಸಾಕು.”

ಅವರ ಅಳತೆಗೆ ನೀಲವ್ವ ಹೊಸದಾಗಿ ಹೊಲಿದಳು. ನವೆಂಬರಿನ ಆ ಮಧ್ಯಾಹ್ನ ರಾಮಪ್ರಸಾದರು ಬೆವರುತ್ತಾ, ಗೋಡೆಯ ಗಡಿಯಾರ ನೋಡುತ್ತಾ, ಅರ್ಧ ತಾಸು ಕೈ ಎತ್ತಿ ಕೈ ಇಳಿಸಿ ನಿಂತರು. ಪರೀಕ್ಷಕಿ ಕಂಕುಳ ಬಳಿ ಬಗ್ಗಿ ಟಕ್ಸ್ ಹುಡುಕಿದಳು. ತಕ್ಷಣ ಸಿಗಲಿಲ್ಲ. ಅದಕ್ಕೇ ಹೆಚ್ಚು ಅಂಕ ಕೊಟ್ಟಳು.

ಆ ತಿಂಗಳ ಕೊನೆಯ ಶನಿವಾರ, ಬಾಡಿಗೆಗೆ ಹಿಡಿದ ಶಾಲೆಯ ಸಭಾಂಗಣದಲ್ಲಿ ರಾಜ್ಯೋತ್ಸವದ ಊಟ. ನೀಲವ್ವನ ಸರ್ಟಿಫಿಕೇಟಿನ ಸುದ್ದಿ ಶೋಭಾ ಎಲ್ಲರಿಗೂ ಹೇಳಿದ್ದರು. ಗಂಡಸರ ಸಾಲಿನಲ್ಲಿ ಶೇಖರಪ್ಪ ಎಲೆಯ ಮುಂದೆ ಕುಳಿತು ಎದೆ ತಟ್ಟಿಕೊಂಡ. “ಎಲ್ಲಿಂದ ಬಂತು ಅಂತೀರಿ ಆ ಸರ್ಟಿಫಿಕೇಟು? ಇಲ್ಲಿಂದ! ಈ ಎದಿ ಇರದಿದ್ರ ಆಕಿ ಟಕ್ಸ್ ಹಿಡಿಯೂದು ಎಲ್ಲಿ ಕಲೀತಿದ್ಲು?”

ಸಾಲು ಗೊಳ್ಳೆಂದು ನಕ್ಕಿತು. ರಾಮಪ್ರಸಾದರು, “ಇಲ್ಲ, ನಿಂತಿದ್ದು ನಾನು, ಅವರು ಆಗಲೇ...” ಎಂದು ಶುರುಮಾಡಿದ್ದು ನಗೆಯಲ್ಲಿ ಯಾರಿಗೂ ಕೇಳಲಿಲ್ಲ.

ನೀಲವ್ವನ ಕೈಯಲ್ಲಿ ಪಲ್ಯದ ಬಕೆಟ್ಟಿತ್ತು. ಅವನ ಎಲೆಯ ಹತ್ತಿರ ಬಂದಾಗ ನಿಂತಳು. “ನೀವು ನಿಂತಿಲ್ರೀ. ನೀವು ಮನ್ಯಾಗ ಕುಂತಿದ್ರಿ. ನಾ ಸೋಮವಾರ ಮತ್ತ ಸೌತಿಕಾಯಿ ಜೋಡಸಾಕ ಹೋಗಬೇಕು.”

ಶೇಖರಪ್ಪ ತಲೆಯೆತ್ತಿ, ಏನಾಯಿತೆಂದು ತಿಳಿಯದವನಂತೆ ಅವಳನ್ನು ನೋಡಿದ. “ಊಟದ ಹೊತ್ತಿನ್ಯಾಗ ಎಂಥಾ ಮಾತ ಇದು? ಬಡಸು, ಮುಂದಿನವರು ಕಾಯಾಕತ್ತಾರ.”

ಮುಂದಿನವರು ನಿಜಕ್ಕೂ ಕಾಯುತ್ತಿದ್ದರು. ನೀಲವ್ವ ಬಕೆಟ್ಟನ್ನು ಅವನ ಎಲೆಯ ಪಕ್ಕ ನೆಲದ ಮೇಲಿಟ್ಟು, ಕೈ ಒರೆಸಿಕೊಂಡು, ತನ್ನ ಕೋಟು ತೆಗೆದುಕೊಳ್ಳಲು ಹೋದಳು.