ಮಳೆಯ ಮೇಲೆ ಹಾಕಿದ ತಪ್ಪು

ನಿಮ್ಮ ಉದ್ಯೋಗದ ಕಥೆಯನ್ನು ನೀವೇ ಪುಸ್ತಕವಾಗಿ ಬರೆಯಲು ಕುಳಿತರೆ, ಸರಿಯಾದ ಮಾತು ಹೇಳಿಯೂ ನಿಮ್ಮೆದುರು ವಾದದಲ್ಲಿ ಸೋತವರಿಗೆ ಅದರಲ್ಲಿ ಎಷ್ಟು ಪುಟ ಕೊಡುವಿರಿ? ನಾನು ಮೊದಲ ಕರಡಿನಲ್ಲಿ ಒಂದು ಸಾಲನ್ನೂ ಕೊಟ್ಟಿರಲಿಲ್ಲ.

ಚಿಕ್ಕೋಡಿಯಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಪರವಾಗಿ ಬೇಕೆಂದರೆ ಪರ, ವಿರುದ್ಧ ಬೇಕೆಂದರೆ ವಿರುದ್ಧ. ಗಂಟೆ ಬಾರಿಸುವುದರೊಳಗೆ ಎದುರಾಳಿಯ ಬಾಯಿ ಮುಚ್ಚಿಸುವ ವಿದ್ಯೆ ಕೈವಶವಾಗಿತ್ತು. ಮದುವೆಯಾಗಿ ಕಾಗವಾಡದ ಕಡೆಯ ದ್ರಾಕ್ಷಿ ತೋಟದ ಮನೆಗೆ ಬಂದಾಗ ಆ ವಿದ್ಯೆಯೂ ನನ್ನ ಜೊತೆಗೇ ಬಂತು. ತೋಟಕ್ಕೆ ಕೂಲಿಗೆ ಬರುವ ಹೆಂಗಸರೇ ಪಾಲುದಾರರಾಗಿ ನಡೆಸುವ ಒಣದ್ರಾಕ್ಷಿ ಘಟಕವೊಂದು ನನ್ನ ಕನಸಾಗಿತ್ತು. ಮನೆಯವರು ನಕ್ಕರು, ಆದರೆ ತಡೆಯಲಿಲ್ಲ. ಮಾವನವರು ಒಂದು ಶೆಡ್ಡನ್ನೇ ಬಿಟ್ಟುಕೊಟ್ಟರು.

ಆ ಹೆಂಗಸರಲ್ಲಿ ಹಿರಿಯರೊಬ್ಬರನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಅಕ್ಷರ ಕಲಿತವರಲ್ಲ; ಮಿರಜ ಕಡೆಯ ಶೆಡ್ಡುಗಳಲ್ಲಿ ವರ್ಷಗಟ್ಟಲೆ ದುಡಿದು ಬಂದವರು. ನಮ್ಮಲ್ಲಿ ಗೊನೆಗಳನ್ನು ಮೊದಲು ಎಣ್ಣೆ ಮತ್ತು ಕ್ಷಾರದ ಪುಡಿ ಕಲಸಿದ ನೀರಿನಲ್ಲಿ ಅದ್ದಿ, ಆಮೇಲೆ ನೆರಳಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಅದ್ದಿದರೆ ಸಿಪ್ಪೆಯ ಮೇಣ ಬಿಟ್ಟು ಹಣ್ಣು ಬೇಗ ಒಣಗುತ್ತದೆ. ಅದಕ್ಕೆ ಎಲ್ಲರೂ ಅನ್ನುವುದು ಡಿಪ್. ಮೊದಲ ವರ್ಷವೇ ನಾನು ಅದು ಬೇಡವೆಂದೆ. ನಮ್ಮದು ಏನನ್ನೂ ಸೋಕಿಸದ ಅಪ್ಪಟ ಹಣ್ಣಾಗಬೇಕಿತ್ತು.

"ಅಕ್ಕಾರ, ಡಿಪ್ ಮಾಡಲಿಲ್ಲಂದ್ರ ತಿಂಗಳಾದ್ರೂ ಹಣ್ಣ ಒಣಗಂಗಿಲ್ಲರಿ. ಯುಗಾದಿ ಆದ ಮ್ಯಾಲ ನಮ್ಮ ಕಡೆ ಮಳಿ ನಂಬಾಕ ಬರಂಗಿಲ್ಲ," ಎಂದರು ಆಯಿ.

ನಾನು ಆರೋಗ್ಯ, ಮಣ್ಣು, ಮುಂದಿನ ಪೀಳಿಗೆ ಎಂದು ಒಂದೊಂದೇ ಅಂಶ ಎತ್ತಿ ಮಾತನಾಡಿದೆ. ಆಯಿ ಪೂರ್ತಿ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡರು. "ನಿಮ್ಮ ಮಾತ ಭಾಳ ಚಂದ ಅದಾವರಿ. ಹಣ್ಣಿಗೂ ಒಂದೀಟ ತಿಳಿಸಿ ಹೇಳ್ರಿ," ಎಂದು ಬುಟ್ಟಿ ಎತ್ತಿಕೊಂಡು ಹೋದರು. ಹೆಂಗಸರೆಲ್ಲ ನಕ್ಕರು. ಗೆದ್ದವಳ ಉದಾರತೆಯಿಂದ ನಾನೂ ನಕ್ಕೆ.

ಹಣ್ಣು ಒಣಗಲಿಲ್ಲ. ಮೂರನೆಯ ವಾರದಲ್ಲೂ ಒತ್ತಿದರೆ ರಸ ಬರುತ್ತಿತ್ತು. ಕೆಳಗಿನ ಬಲೆಗಳಿಂದ ಹುಳಿ ವಾಸನೆ ಎದ್ದಿತ್ತು. ಆಮೇಲೆ ಅಕಾಲ ಮಳೆ ಬಂತು, ಉಳಿದದ್ದಕ್ಕೂ ಬೂಷ್ಟು ಹಿಡಿಯಿತು. ಎಲ್ಲವನ್ನೂ ತಿಪ್ಪೆಗೆ ಹೊತ್ತು ಹಾಕಿದವರು ಆ ಹೆಂಗಸರೇ. ಮರುವರ್ಷ ನಾನು ಡಿಪ್‌ಗೆ ಒಪ್ಪಿದಾಗ, ಅದ್ದುವ ಡ್ರಮ್ಮಿನ ಪಕ್ಕ ಆಯಿ ತಾವೇ ಬಂದು ನಿಂತರು. ಘಟಕ ಬದುಕಿದ್ದು ಅಲ್ಲಿಂದ.

ಕೆಲವು ವರ್ಷ ಕಳೆದ ಮೇಲೆ ಈ ಅನುಭವವನ್ನು ಪುಸ್ತಕ ಮಾಡುವ ಆಸೆ ಹುಟ್ಟಿತು. ನಮ್ಮ ಹಣ್ಣು ಕೊಳ್ಳುವ ಅಂಗಡಿಯವರಿಗೆ ನಾವು ಯಾರೆಂದು ತಿಳಿಯಲಿ, ಬೇರೆ ಊರಿನ ಹೆಂಗಸರಿಗೆ ಧೈರ್ಯ ಬರಲಿ ಎಂದುಕೊಂಡೆ. ಅಥಣಿಯ ಸಭೆಯೊಂದರಲ್ಲಿ ನನ್ನ ಭಾಷಣ ಕೇಳಿದ ಹೆಂಗಸರ ಗುಂಪೊಂದು ಆಗಲೇ ಶೆಡ್ಡು ಹಾಕಿಸಿ, ಪುಸ್ತಕ ನೋಡಿಕೊಂಡೇ ಕೆಲಸ ಹಿಡಿಯುತ್ತೇವೆಂದು ಕಾದಿತ್ತು. ನಿಪ್ಪಾಣಿಯ ಮುದ್ರಣಾಲಯದಿಂದ ಪ್ರೂಫ್ ಬಂದ ದಿನ ಹೆಮ್ಮೆ ತಡೆಯಲಾಗದೆ, ಹಣ್ಣಿನ ತೊಟ್ಟು ಬಿಡಿಸುತ್ತ ಕುಳಿತಿದ್ದ ನಮ್ಮ ಹೆಂಗಸರಿಗೆ ಓದತೊಡಗಿದೆ. ಏನನ್ನೂ ಸೋಕಿಸದ ಹಣ್ಣಿನ ಆದರ್ಶದಿಂದ ನಾವು ಹೊರಟೆವು, ಅಕಾಲ ಮಳೆ ನಮ್ಮನ್ನು ಪರೀಕ್ಷಿಸಿತು, ನಾನು ಎದೆಗುಂದಲಿಲ್ಲ ಎಂದು ಬರೆದಿದ್ದೆ.

"ನಿಲ್ಲಸ್ರಿ," ಎಂದರು ಆಯಿ. "ಮಳಿ ಏನ ಮಾಡೈತ್ರಿ, ಪಾಪ? ಅದು ಬರೂದ್ರಾಗ ಹಣ್ಣ ನಾತ ಹೊಡ್ಯಾಕತ್ತಿತ್ತು."

ಪಕ್ಕದಲ್ಲಿದ್ದ ಅವರ ಸೊಸೆ ತಲೆ ಎತ್ತಿದಳು. "ಪುಸ್ತಕದಾಗ ಅತ್ತಿನೂ ಇಲ್ಲ, ನಾವೂ ಇಲ್ಲ. ಹಣ್ಣೆಲ್ಲಾ ತಾವ ನಡಕೋತ ಹೋಗಿ ಬಲಿ ಮ್ಯಾಲ ಮಲಗಿದ್ವೇನ್ರಿ?"

"ಓದಿದವರಿಗೆ ಹುರುಪ ಬರಬೇಕಲ್ಲ ಆಯಿ. ನಮ್ಮ ತಪ್ಪ ಬರದ್ರ ಯಾರು ಮುಂದ ಬರ್ತಾರ?" ಎಂದೆ.

"ಅಥಣಿಯವರು ಇದನ್ನ ನೋಡೇ ಮಾಡಾವ್ರ ಹೌದಿಲ್ರಿ? ಹುರುಪಿನ್ಯಾಗ ಅವರೂ ಡಿಪ್ ಬಿಡ್ತಾರ. ಆಮ್ಯಾಲ ತಿಪ್ಪಿಗೆ ಹೊರಾಕ ನಾ ಅಲ್ಲಿಗೆ ಹೋಗ್ಲೇನು? ನನ್ನ ಸೊಂಟ ಮೊದಲಿನಂಗ ಉಳದಿಲ್ಲ."

ಶೆಡ್ಡಿನಲ್ಲಿ ನಗೆ ಎದ್ದಿತು. ಅಥಣಿಯವರು ಮುಂದಿನ ವಾರವೇ ಗೊನೆ ಕೊಯ್ಯುವವರಿದ್ದರು. ಅದು ಅವರ ಮೊದಲ ಹಣ್ಣು. ಗುಂಡಿ ಒತ್ತುವ ಫೋನು ತೆಗೆದು ಅವರ ಮುಖ್ಯಸ್ಥೆಗೆ ಕರೆ ಮಾಡಿದೆ.

"ನಿಮ್ಮ ಭಾಷಣ ಕೇಳಿ ನಾವೂ ಡಿಪ್ ಬ್ಯಾಡಂತ ಗಟ್ಟಿ ಮಾಡೀವ್ರಿ ಅಕ್ಕಾರ!" ಎಂದು ಆಕೆ ಸಂಭ್ರಮದಿಂದ ಹೇಳಿದಾಗ ನಾನು ನಡುವೆಯೇ ತಡೆದೆ. ಮೊದಲ ವರ್ಷ ಆದದ್ದನ್ನು ಹೇಳಿದೆ. ವರ್ಷಗಟ್ಟಲೆ ಯಾರ ಮುಂದೆಯೂ ಹೇಳದಿದ್ದ ಮಾತು ಅದು. ಆಮೇಲೆ ಫೋನನ್ನು ಆಯಿಯ ಕೈಗೆ ಕೊಟ್ಟೆ. ಅಥಣಿಗೆ ಫೋನಿಲ್ಲದೆಯೇ ಕೇಳುವಷ್ಟು ಗಟ್ಟಿಯಾಗಿ ಅವರು ಎಷ್ಟು ನೀರಿಗೆ ಎಷ್ಟು ಎಣ್ಣೆ, ಎಷ್ಟು ಹೊತ್ತು ಅದ್ದಬೇಕು ಎಂದೆಲ್ಲ ವಿವರಿಸಿದರು.

ಮರುದಿನ ನಿಪ್ಪಾಣಿಗೆ ಹೋಗಿ ಅಚ್ಚಿನ ಕೆಲಸ ನಿಲ್ಲಿಸಿದೆ. ಆ ಅಧ್ಯಾಯವನ್ನು ಆಯಿ ಹೇಳಿದಂತೆ, ಅವರ ಮಾತಿನಲ್ಲೇ ಬರೆದು ತಂದು ಓದಿದೆ. ಆಯಿ ಪೂರ್ತಿ ಕೇಳಿಸಿಕೊಂಡು, "ನಿಮ್ಮನ್ನ ಭಾಳ ಬೈದಂಗ ಆತು. ನಿಮ್ಮ ಬಗ್ಗೇನೂ ಒಂದ ಚಂದ ಮಾತ ಹಾಕ್ರಿ, ಯವ್ವಾ," ಎಂದರು. ಏನು ಹಾಕಲಿ ಎಂದು ಕೇಳಿದೆ. "ಮರು ವರ್ಷ ನನ್ನ ಮಾತ ಕೇಳಿದ್ರಲ್ಲ, ಅದನ್ನ ಹಾಕ್ರಿ."

ಅದನ್ನೂ ಸೇರಿಸಿದೆ. ಅಥಣಿಯವರ ಹಣ್ಣು ಮಳೆಗೆ ಮುಂಚೆ ಒಣಗಿ, ಎಳೆ ಹಸಿರು ಬಣ್ಣಕ್ಕೆ ಬಂತು. ಮೊದಲ ಪೊಟ್ಟಣವನ್ನು ಅವರು ಕಳಿಸಿದ್ದು ನನಗಲ್ಲ, ಆಯಿಗೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಉದ್ಯೋಗದ ಪುಸ್ತಕವನ್ನು ಅಚ್ಚಿಗೆ ಕೊಡುವ ಮೊದಲು, ಆರಂಭದಲ್ಲಿ ನಿಮ್ಮೊಂದಿಗೆ ದುಡಿದವರೊಬ್ಬರನ್ನು ಎದುರು ಕೂರಿಸಿಕೊಂಡು ಪೂರ್ತಿ ಓದಿ ಹೇಳಿ. ಅವರು ತಡೆದ ಪುಟವನ್ನು ಮತ್ತೆ ಬರೆಯಿರಿ.