ದೊಡ್ಡ ರೊಟ್ಟಿಯ ಪ್ರತಿಮಾ

ಬೆಳಕು ಹರಿಯುವ ಮೊದಲು ಒಲೆಯ ಬೂದಿ ತೆಗೆಯಬೇಕು, ಹಂಡೆಗೆ ನೀರು ತುಂಬಿ ಉರಿ ಹಾಕಬೇಕು, ಎಮ್ಮೆ ಕರೆಯಬೇಕು, ಅತ್ತೆ ಕೆರಿಯಮ್ಮನ ಕಾಲಿಗೆ ಎಣ್ಣೆ ತಿಕ್ಕಬೇಕು, ಹಿಟ್ಟು ಬೇಯಿಸಿ ನಾದಿ ನಲವತ್ತು ರೊಟ್ಟಿ ತಟ್ಟಬೇಕು. ಜೋಗದಲ್ಲಿ ಗಂಡ ನಾಗೇಂದ್ರನ ತಿಂಡಿ ಅಂಗಡಿ ಏಳಕ್ಕೆ ತೆರೆಯುತ್ತದೆ. ಬೋರ್ಡಿನಲ್ಲಿ ಅವನ ಹೆಸರಿದೆ, ರೊಟ್ಟಿ ಪ್ರತಿಮಾಳದು.

ಅವಳಿಗೆ ಅಳತೆಯ ಪಾತ್ರೆ ಬೇಡ. ಒಂದು ಹಿಡಿ ಹಿಟ್ಟು, ಒಂದು ರೊಟ್ಟಿ. ನಾಲ್ಕು ವರ್ಷದ ಹಿಂದೆ ನಲವತ್ತು ರೊಟ್ಟಿಯ ಹಿಟ್ಟಿಗೆ ಮೂವತ್ತೈದೇ ಬರತೊಡಗಿತು, ಆಮೇಲೆ ಮೂವತ್ತು.

"ಕೈ ಬಿಗಿ ಇಲ್ಲ ನಿಂಗೆ. ಅಪ್ಪನ ಮನೆ ಹಿಟ್ಟಾ ಇದು?" ಎಂದ ನಾಗೇಂದ್ರ.

ಗಿರಾಕಿಗಳು ಖುಷಿಯಾಗಿದ್ದರು. ದೊಡ್ಡ ರೊಟ್ಟಿ ಅಂಗಡಿ ಎಂದೇ ಹೆಸರಾಯಿತು. ಬಳೆ ಏರದಾದಾಗ ಕೆರಿಯಮ್ಮ, "ದುಡಿಯೋ ಕೈ ದಪ್ಪಾಗ್ತದೆ ಬಿಡು," ಎಂದಳು. ಮೂಗು, ದವಡೆ ಅಗಲವಾದವು. ಗಂಡನ ಚಪ್ಪಲಿ ಅವಳಿಗೆ ಸರಿಯಾಯಿತು. ಬದಿಯ ನೋಟ ಮಸುಕಾಗಿ ಬಾಗಿಲಿಗೆ ಭುಜ ಬಡಿಯತೊಡಗಿದಾಗ ಸಾಗರದ ಕಣ್ಣಿನ ವೈದ್ಯೆಯ ಬಳಿ ಹೋದಳು. "ಈ ಕೈ ಮೊದಲಿಂದ ಹೀಗೇ ಇತ್ತಾ?" ಎಂದು ಕೇಳಿದ ಮೊದಲನೆಯವರು ಅವರೇ.

ಮೆದುಳಿನ ಬುಡದಲ್ಲಿ ಕಡಲೆಯಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಎದ್ದು, ಬೆಳವಣಿಗೆಯ ಹಾರ್ಮೋನನ್ನು ಸುರಿಯುತ್ತಿತ್ತು. ಮಂಗಳೂರಿನಲ್ಲಿ ಮೂಗಿನ ಮೂಲಕ ಆಪರೇಷನ್ ಮಾಡಿದರು. ನೋಟ ತಿಳಿಯಾಯಿತು, ಆದರೆ ಕಣ್ಣಿನ ನರದ ಪಕ್ಕ ಚೂರು ಗಡ್ಡೆ ಉಳಿಯಿತು. ಬಗ್ಗಬಾರದು ಎಂದು ಬರೆದುಕೊಟ್ಟಿದ್ದರೂ ಒಂಬತ್ತನೇ ದಿನ ಅವಳು ಒಲೆಯ ಮುಂದಿದ್ದಳು.

ಈ ಜೂನಿನಲ್ಲಿ ಆ ಚೂರು ಮತ್ತೆ ಬೆಳೆದದ್ದು ಸ್ಕ್ಯಾನಿನಲ್ಲಿ ಕಂಡಿತು. ಅದಕ್ಕೆ ಗುರಿಯಿಟ್ಟು ವಿಕಿರಣ ಕೊಡಬೇಕೆಂದರು ಮಂಗಳೂರಿನ ಆಸ್ಪತ್ರೆಯ ಡಾಕ್ಟರ್ ಶ್ಯಾಮಲಾ.

"ಒಂದೇ ದಿನಕ್ಕೆ ಮುಗಿಸ್ತಾರಂತಲ್ಲ ಮೇಡಂ," ಎಂದ ನಾಗೇಂದ್ರ.

"ಕೆಲವರಿಗೆ ಆಗುತ್ತೆ. ಇವರದ್ದು ನರಕ್ಕೆ ತೀರಾ ಹತ್ತಿರ, ಒಮ್ಮೆಲೇ ಕೊಟ್ಟರೆ ಕಣ್ಣಿಗೆ ಅಪಾಯ. ಸ್ವಲ್ಪ ಸ್ವಲ್ಪವಾಗಿ ಇಪ್ಪತ್ತೆಂಟು ಸಲ. ಆರು ವಾರ ಇಲ್ಲೇ ಇರಬೇಕು. ತಡ ಮಾಡಿದರೂ ಕಣ್ಣಿಗೇ ಪೆಟ್ಟು."

ಹೊರಗಿನ ಬೆಂಚಿನಲ್ಲಿ ಅವನ ತಕರಾರು ಶುರುವಾಯಿತು. "ಮಳೆಗಾಲದ ಸೀಜನ್ನೇ ಹೋಯ್ತಲ್ಲ. ಫಾಲ್ಸ್ ನೋಡಕ್ ಬಂದೋರಿಗೆ ಎಂತ ಕೊಡ್ಲಿ?"

"ರೊಟ್ಟಿ ಕೊಡಿ."

"ತಟ್ಟೋರು ಯಾರು?"

"ನಿಮಗೂ ಎರಡು ಕೈ ಇದಾವಲ್ಲ. ಸಣ್ಣವು, ಹಿಟ್ಟೂ ಉಳೀತದೆ."

ಅವನು ಅಮ್ಮನಿಗೆ ಫೋನು ಹಚ್ಚಿ ಇವಳ ಕೈಗಿತ್ತ. "ದೀಪಾವಳಿ ಕಳೀಲಿ, ಆಮೇಲ್ ನೋಡನ," ಎಂದಳು ಕೆರಿಯಮ್ಮ. "ಈಗ ಕಣ್ಣು ಕಾಣದಿಲ್ವಾ ನಿಂಗೆ?"

"ಕಾಣ್ತದೆ ಅತ್ತೆ. ಅದಕ್ಕೇ ಉಳೀತೀನಿ ಅಂತಿರೋದು."

"ಮಧ್ಯಾಹ್ನದ ಬಸ್ಸಿಗೆ ಎರಡು ಸೀಟು ಹೇಳ್ತೀನಿ," ಎಂದು ನಾಗೇಂದ್ರ ಎದ್ದು ಹೋದ.

ಪ್ರತಿಮಾ ಒಳಗೆ ಹೋಗಿ ಒಪ್ಪಿಗೆ ಪತ್ರ ಕೇಳಿದಳು. ಫಲ ಕಾಣಲು ವರ್ಷಗಳೇ ಬೇಕಾಗಬಹುದು, ಬೇರೆ ಹಾರ್ಮೋನುಗಳು ಕಡಿಮೆಯಾಗಿ ಮಾತ್ರೆ ನುಂಗಬೇಕಾಗಬಹುದು ಎಂಬ ಸಾಲುಗಳನ್ನು ಎರಡು ಸಲ ಓದಿದಳು.

"ನಿಮ್ಮ ಯಜಮಾನರು ಬರಲಿ, ಕಾಯೋಣವಾ?" ಎಂದರು ಶ್ಯಾಮಲಾ.

"ತಲೆ ನಂದು ಮೇಡಂ," ಎಂದು ಸಹಿ ಹಾಕಿದಳು. ಮೂಗುತಿ ಬಿಚ್ಚಿ ನರ್ಸ್ ಕೈಗೆ ಕೊಟ್ಟು, ವಿಕಿರಣದ ಹೊತ್ತಿಗೆ ತಲೆ ಅಲುಗದಂತೆ ಹಿಡಿಯುವ ಮುಖವಾಡಕ್ಕೆ ಅಚ್ಚು ತೆಗೆಯುವ ಮೇಜಿನ ಮೇಲೆ ಮಲಗಿದಳು.