ಒಂಬತ್ತರ ಮೇಡಂ ಬಿಟ್ಟ ಪಾಠ

ಒಂಬತ್ತರ ಮೇಡಂ ನೆಟ್ಟಗೆ ಕೂತದ್ದನ್ನು ತಾನು ನೋಡಿರುವುದು ಮದುವೆಯ ಫೋಟೋದಲ್ಲಿ ಮಾತ್ರ ಎಂದು ಅವರ ಯಜಮಾನರು ಹೇಳುತ್ತಿದ್ದರು. ಅವರು ಗಡಿಯಾರ ರಿಪೇರಿಯವರು. ನಿಲ್ಲದೆ ಓಡುವುದರ ಬಗ್ಗೆ ಅವರಿಗೆ ಗೌರವವೂ ಇತ್ತು, ಒಂದಿಷ್ಟು ಭಯವೂ ಇತ್ತು. ಮೇಡಂ ನಿಂತೇ ಟೀ ಕುಡಿಯುತ್ತಿದ್ದರು, ಅಡ್ಡಾಡುತ್ತಲೇ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಬಸ್ಸಿನಲ್ಲಿ ಸೀಟು ಸಿಕ್ಕರೂ ಅದರ ತುದಿಗೆ ಅಂಟಿಕೊಂಡು, ಇಳಿಯುವ ಬಾಗಿಲನ್ನೇ ನೋಡುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು ಎಂದು ಕಾಲೇಜಿನಲ್ಲಿ ಎಲ್ಲರೂ ನಂಬಿದ್ದರು. ಹುಟ್ಟುವಾಗ ಚಕ್ರ ಇರಲಿಲ್ಲ. ಅದು ಆಮೇಲೆ ಬಂದದ್ದು, ಬಂದ ಕಥೆಯನ್ನು ಅವರು ಯಾರಿಗೂ ಹೇಳಿರಲಿಲ್ಲ.

ಕಾಮರ್ಸ್ ಕಾಲೇಜಿನ ಮೊದಲ ವರ್ಷದವರಿಗೆ ಅವರು ಅಕೌಂಟ್ಸ್ ಹೇಳಿಕೊಡಲು ಶುರುಮಾಡಿ ಇಪ್ಪತ್ತೆಂಟು ವರ್ಷವಾಗಿತ್ತು. ಅಡ್ಡಹೆಸರು ಬಂದದ್ದು ತಾಳೆಪಟ್ಟಿಯಿಂದ. ವ್ಯಾಪಾರದ ಎಲ್ಲ ಖಾತೆಗಳ ಬಾಕಿಯನ್ನು ಡೆಬಿಟ್ ಒಂದು ಕಡೆ, ಕ್ರೆಡಿಟ್ ಇನ್ನೊಂದು ಕಡೆ ಬರೆದು ಕೂಡಿದರೆ ಎರಡು ಮೊತ್ತವೂ ಒಂದೇ ಬರಬೇಕು, ಅದೇ ತಾಳೆಪಟ್ಟಿ. ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದರ್ಥ. ಆಗ ಮೇಡಂ ಡಸ್ಟರಿನಿಂದ ಮೇಜು ಕುಟ್ಟಿ, "ವ್ಯತ್ಯಾಸಾನ ಒಂಬತ್ತರಿಂದ ಭಾಗಿಸಿ!" ಎನ್ನುತ್ತಿದ್ದರು. ಶೇಷವಿಲ್ಲದೆ ಹೋದರೆ ಯಾವುದೋ ಸಂಖ್ಯೆಯಲ್ಲಿ ಎರಡು ಅಂಕಿ ಅದಲುಬದಲಾಗಿರುವ ಗುಮಾನಿ: ನಲವತ್ತೈದು ಬರೆಯುವ ಕಡೆ ಐವತ್ತನಾಲ್ಕು. ಇದೇನು ಮಾಟವೇ ಎನ್ನುವವರು ಒಂದು ಚೀಟಿಯ ಮೇಲೆ ಮಾಡಿ ನೋಡಲಿ.

ಇನ್ನೊಂದು ಮಾತನ್ನೂ ಅವರು ಹೇಳುತ್ತಿದ್ದರು. "ತಾಳೆ ಆಗದೆ ಮುಂದಿನ ಲೆಕ್ಕಕ್ಕೆ ಹೋದವರು ನನ್ನ ಶಿಷ್ಯರಲ್ಲ."

ಹಾಗೆ ಮುಂದೆ ಹೋಗುವುದಕ್ಕೆ ಪುಸ್ತಕದಲ್ಲಿ ಒಂದು ದಾರಿ ಇದೆ. ತಪ್ಪು ಸಿಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆ ಎಂಬ ತಾತ್ಕಾಲಿಕ ಖಾತೆಗೆ ಬರೆದು ಕೆಲಸ ಮುಂದುವರಿಸಬಹುದು, ಸಿಕ್ಕಿದ ದಿನ ಅದನ್ನು ಮುಚ್ಚಬಹುದು. ಏಳು ಪುಟದ ಅಧ್ಯಾಯ. ಮೇಡಂ ಪ್ರತಿವರ್ಷ ಆ ಏಳು ಪುಟವನ್ನು ಹಾರಿಸುತ್ತಿದ್ದರು. "ಅದು ಸೋಮಾರಿಗಳ ಪಾಠ, ನೀವು ಓದೋದು ಬೇಡ" ಎಂದರೆ ಯಾವ ವಿದ್ಯಾರ್ಥಿ ತಾನೇ ಓದುತ್ತೇನೆಂದು ಹಟ ಹಿಡಿಯುತ್ತಾನೆ? ಹೇಗಿದ್ದರೂ ಪ್ರಶ್ನೆಪತ್ರಿಕೆ ತೆಗೆಯುವವರೂ ಅವರೇ ಆಗಿದ್ದರು.

ಆ ವರ್ಷದ ಅಂತಿಮ ಪರೀಕ್ಷೆಯ ದಿನ, ತಮ್ಮ ವಿಷಯದ ಪರೀಕ್ಷೆಯಾದ್ದರಿಂದ ನಿಯಮದಂತೆ ಪರೀಕ್ಷಾ ಹಾಲ್ ಕಡೆ ಸುಳಿಯದೆ, ಮೇಡಂ ಸ್ಟಾಫ್ ರೂಮಿನಲ್ಲಿ ಕಿಟಕಿಗೂ ಬೀರುವಿಗೂ ನಡುವೆ ಶತಪಥ ಹಾಕುತ್ತಿದ್ದರು. ಹತ್ತು ಗಂಟೆಗೆ ಪರೀಕ್ಷೆ ಶುರುವಾಗಿತ್ತು. ಹತ್ತೂವರೆಗೆ ಜವಾನ ಉಳಿದ ಒಂದು ಪ್ರಶ್ನೆಪತ್ರಿಕೆ ತಂದುಕೊಟ್ಟ. ಸುಮ್ಮನಿರಲಾರದೆ ಬೀರುವಿನ ಬಾಗಿಲಿಗೇ ಹಾಳೆ ಒತ್ತಿಕೊಂಡು ಮೊದಲ ಪ್ರಶ್ನೆಯನ್ನು ತಾವೇ ಬಿಡಿಸತೊಡಗಿದರು.

ಡೆಬಿಟ್ಟಿನ ಮೊತ್ತ ಮುನ್ನೂರ ಅರವತ್ತು ಜಾಸ್ತಿ ಬಂತು.

ಮತ್ತೆ ಕೂಡಿದರು. ಮುನ್ನೂರ ಅರವತ್ತು. ಒಂಬತ್ತರಿಂದ ಭಾಗಿಸಿದರು, ನಲವತ್ತು, ಶೇಷವಿಲ್ಲ. ಬೀರು ತೆಗೆದು ತಮ್ಮ ಕರಡು ಹುಡುಕಿದರು. ಕರಡಿನಲ್ಲಿ ಅಂಗಡಿ ಬಾಡಿಗೆ 12,480. ಅಚ್ಚಿನಲ್ಲಿ 12,840. ಅಚ್ಚಿನವನನ್ನು ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅಚ್ಚಿಗೆ ಕಳಿಸಿದ್ದ ಶುದ್ಧ ಪ್ರತಿಯ ನಕಲು ಕೈಗೆ ಸಿಕ್ಕಿತು. ಅದರಲ್ಲೂ 12,840, ಅವರದೇ ಅಕ್ಷರ, ಗುಂಡಗೆ, ಮುದ್ದಾಗಿ.

ಹಾಲಿನೊಳಗೆ ಅರವತ್ತೆರಡು ಮಂದಿ ಕೂತಿದ್ದರು. ಅವರೆಲ್ಲ ಈಗ ಒಂಬತ್ತರಿಂದ ಭಾಗಿಸಿ, ಅಂಕಿ ತಿರುಗಿಸಿ ಬರೆದವರು ತಾವೇ ಎಂದುಕೊಂಡು, ಉಜ್ಜಿ ಉಜ್ಜಿ ಹಾಳೆ ತೂತು ಮಾಡುತ್ತಿರುತ್ತಾರೆ. ಎರಡನೇ ಪ್ರಶ್ನೆಗೆ ಹೋಗುವುದಿಲ್ಲ. ಹೋಗಬಾರದೆಂದು ವರ್ಷವಿಡೀ ಕಟ್ಟಿಹಾಕಿದ್ದು ತಾವೇ. ಹೋಗುವ ದಾರಿ ಇದೆಯೆಂದು ಅವರಿಗೆ ಗೊತ್ತೂ ಇಲ್ಲ, ಅದನ್ನು ಮುಚ್ಚಿದ್ದೂ ತಾವೇ. ಕಡೇ ಬೆಂಚಿನಲ್ಲಿ ಕ್ಯಾಂಟೀನ್ ಅಕ್ಕ ಕೂತಿರುತ್ತಾಳೆ ಎಂಬುದು ಆಗ ನೆನಪಾಯಿತು. ನಲವತ್ತೆರಡು ವರ್ಷದ ಹೆಂಗಸು, ಬಸ್ ಡಿಪೋ ಕ್ಯಾಂಟೀನಿನ ಕೌಂಟರ್ ನೋಡಿಕೊಂಡೇ ಓದುತ್ತಿದ್ದವಳು. ಎರಡು ಸಲ ಇದೊಂದೇ ವಿಷಯದಲ್ಲಿ ನಪಾಸು, ಅದೂ ಪೂರ್ತಿ ಬರೆಯಲು ಸಮಯ ಸಾಲದೆ. ನಿಯಮದ ಪ್ರಕಾರ ಮೂರನೆಯದೇ ಕೊನೆಯ ಅವಕಾಶ. ಇದರಲ್ಲೂ ಹೋದರೆ ಅವಳ ಹೆಸರನ್ನೇ ಕಾಲೇಜಿನಿಂದ ತೆಗೆಯುತ್ತಾರೆ.

ಮೇಡಂ ಪ್ರಿನ್ಸಿಪಾಲರ ಕೋಣೆಗೆ ನಡೆಯಲಿಲ್ಲ, ಓಡಿದರು.

"ಈಗ ಒಳಗೆ ಹೋಗಿ ಹೇಳಿದ್ರೆ ಗದ್ದಲ ಆಗುತ್ತೆ ಮೇಡಂ" ಎಂದರು ಪ್ರಿನ್ಸಿಪಾಲರು. "ಮಾಮೂಲಿ, ಆಮೇಲೆ ಎಲ್ರಿಗೂ ಐದೈದು ಮಾರ್ಕ್ಸ್ ಕೊಟ್ರಾಯ್ತು. ಪ್ರೆಸ್ಸಿನವರ ತಪ್ಪು ಅಂತ ಬರ್ಕೊಳ್ಳೋಣ."

"ಪ್ರೆಸ್ಸಿನವರದ್ದಲ್ಲ ಸರ್, ನಂದು."

"ಅದು ಗೊತ್ತಾಗ್ಬೇಕಲ್ಲ ಯಾರಿಗಾದ್ರೂ?"

ಮೂವತ್ತು ವರ್ಷದ ಹಿಂದೆಯೂ ಯಾರಿಗೂ ಗೊತ್ತಾಗಿರಲಿಲ್ಲ. ಮೇಡಂ ಓದು ಮುಗಿಸಿ ಮೊದಲು ಸೇರಿದ್ದು ಒಂದು ಮರದ ಡಿಪೋದಲ್ಲಿ, ಲೆಕ್ಕ ಬರೆಯುವ ಕೆಲಸಕ್ಕೆ. ಹಣದ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವರು ವಯಸ್ಸಾದ ಒಬ್ಬರು, ಅವರನ್ನು ಇವರು ಕ್ಯಾಶಿಯರಣ್ಣ ಎನ್ನುತ್ತಿದ್ದರು. ಪೆನ್ನು ಹಿಡಿಯುವುದರಿಂದ ಹಿಡಿದು ಮಾಲೀಕರ ಮುಂದೆ ಯಾವಾಗ ಬಾಯಿ ಬಿಡಬಾರದು ಎಂಬುದರವರೆಗೆ ಎಲ್ಲವನ್ನೂ ಕಲಿಸಿದವರು ಅವರೇ. ಮೊದಲ ವರ್ಷದ ಕೊನೆಗೆ ಲೆಕ್ಕದ ಪುಸ್ತಕಕ್ಕಿಂತ ಪೆಟ್ಟಿಗೆಯಲ್ಲಿ ಆರುನೂರ ಮೂವತ್ತು ಕಡಿಮೆ ಬಂತು. ಇವರು ಎರಡು ದಿನ ಹುಡುಕಿ ಸಾಕಾಗಿ, ಕಾಲೇಜಿನಲ್ಲಿ ಓದಿದ ಪಾಠ ನೆನೆದು, ಸಸ್ಪೆನ್ಸ್ ಖಾತೆಗೆ ಬರೆದು ವರ್ಷ ಮುಗಿಸಿದರು. ಮಾಲೀಕ ಆ ಸಾಲಿನ ಮೇಲೆ ಬೆರಳಿಟ್ಟು "ಇದೇನು?" ಎಂದ. "ಗೊತ್ತಿಲ್ಲ ಸರ್" ಎಂದರು ಇವರು. ಅವನು ಪೆಟ್ಟಿಗೆಯ ಕಡೆ ನೋಡಿದ. ಮಾರನೆಯ ವಾರ ಕ್ಯಾಶಿಯರಣ್ಣ ಕೆಲಸ ಬಿಟ್ಟರು; ಬಿಡಿಸಿದರು ಎನ್ನುವುದೇ ಸರಿ. ಮೂರು ತಿಂಗಳ ಮೇಲೆ ಹಳೆಯ ರಸೀದಿಯೊಂದು ಸಿಕ್ಕಿತು. ಬಂದ ಹಣ 7,290. ಇವರು ಪುಸ್ತಕದಲ್ಲಿ ಬರೆದದ್ದು 7,920. ಮಾಲೀಕನಿಗೆ ಹೋಗಿ ಹೇಳಿದರು. ಅವನು "ಹೌದಾ" ಎಂದ, ಅಷ್ಟೇ. ಕ್ಯಾಶಿಯರಣ್ಣ ಮನೆ ಖಾಲಿ ಮಾಡಿ ಎಲ್ಲಿಗೆ ಹೋದರೆಂದು ಅಕ್ಕಪಕ್ಕದವರಿಗೂ ತಿಳಿದಿರಲಿಲ್ಲ. ಅಂದಿನಿಂದ ಮೇಡಂಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಬಿಳಿ ಹಾಳೆ ಕೊಡಿ ಸರ್" ಎಂದರು ಈಗ. ನಿಂತೇ ಬರೆದರು: ಪ್ರಶ್ನೆಯಲ್ಲಿನ ತಪ್ಪು ನನ್ನದು, ತಿದ್ದುಪಡಿ ಹೇಳಲು, ಅರ್ಧ ಗಂಟೆ ಹೆಚ್ಚು ಕೊಡಲು ಅನುಮತಿ ಬೇಕು. ಸಹಿ ಹಾಕಿ ಮುಂದೆ ತಳ್ಳಿದರು. ತಪ್ಪು ಇನ್ನೊಬ್ಬರ ಹೆಸರಿನಲ್ಲಿ ಭದ್ರವಾಗಿ ಕಾಗದಕ್ಕೆ ಬಿದ್ದದ್ದು ಕಂಡು ಪ್ರಿನ್ಸಿಪಾಲರಿಗೆ ಧೈರ್ಯ ಬಂತು. ತಾವೇ ಎದ್ದು ಜೊತೆಗೆ ಹೊರಟರು.

ಹಾಲಿನಲ್ಲಿ ಅಂದುಕೊಂಡದ್ದೇ ನಡೆದಿತ್ತು. ಹನ್ನೊಂದೂಕಾಲಾದರೂ ಬಾಗಿಲಿಂದ ಕಂಡವರಲ್ಲಿ ಯಾರೂ ಮೊದಲ ಪುಟ ದಾಟಿರಲಿಲ್ಲ. ಕ್ಯಾಲ್ಕುಲೇಟರ್ ಕುಟ್ಟುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಿಟಕಿಯ ಪಕ್ಕ ಒಬ್ಬಳು ಅಳುತ್ತ ಲೆಕ್ಕ ಕೂಡುತ್ತಿದ್ದಳು. ಮೇಡಂ ಬಾಗಿಲಲ್ಲಿ ನಿಂತು, "ಅಂಗಡಿ ಬಾಡಿಗೆ ಹನ್ನೆರಡು ಸಾವಿರದ ನಾನೂರ ಎಂಬತ್ತು ಅಂತ ತಿದ್ಕೊಳ್ಳಿ. ತಪ್ಪು ನಂದು, ನಿಮ್ಮದಲ್ಲ. ಅರ್ಧ ಗಂಟೆ ಜಾಸ್ತಿ ಇದೆ" ಎಂದರು. ಯಾರೋ ಒಬ್ಬ ಹಲ್ಲು ಕಡಿದು ಬೈದ. ಬೈಯಲಿ, ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದರು.

ತಿದ್ದಿಕೊಂಡರೇ ಎಂದು ಸಾಲುಸಾಲಾಗಿ ನೋಡುತ್ತ ಕಡೇ ಬೆಂಚಿಗೆ ಬಂದರು. ಕ್ಯಾಂಟೀನ್ ಅಕ್ಕ ತಲೆ ತಗ್ಗಿಸಿ ಬರೆಯುತ್ತಿದ್ದಳು, ನಾಲ್ಕನೇ ಪ್ರಶ್ನೆ. ಮೊದಲ ಹಾಳೆಯಲ್ಲಿ, ತಾಳೆಪಟ್ಟಿಯ ಕ್ರೆಡಿಟ್ ಕಡೆಯ ಕೊನೆಯಲ್ಲಿ, ಪುಸ್ತಕದಲ್ಲೆಲ್ಲೂ ಇಲ್ಲದ ಒಂದು ಖಾತೆ ಇತ್ತು: "ಸಿಗೋ ತನಕ — 360." ಅದರ ಕೆಳಗೆ ಎರಡು ಗೆರೆ ಎಳೆದು ಅವಳು ಮುಂದೆ ಹೋಗಿದ್ದಳು.

ಪರೀಕ್ಷೆ ಮುಗಿದ ಮೇಲೆ ಗೇಟಿನ ಹತ್ತಿರ ಮೇಡಂ ಅವಳನ್ನು ತಡೆದರು. ಅವಳು ಹೆದರಿದಳು.

"ನೀವು ಹೇಳ್ಕೊಟ್ಟ ಹಾಗೆ ಮಾಡ್ಲಿಲ್ಲ ಅಂತ ಸಿಟ್ಟಾ ಮೇಡಂ? ಎರಡು ಸಲ ಹಾಗೇ ಮಾಡಿ ಕೆಟ್ಟೆ. ಇವತ್ತು ನಮ್ಮ ಕೌಂಟರಿನ ಥರ ಮಾಡ್ಬಿಟ್ಟೆ."

"ಕೌಂಟರಲ್ಲಿ ಏನ್ ಮಾಡ್ತೀಯಮ್ಮ?"

"ಒಂದೇ ಸಲಕ್ಕೆ ಮೂರು ಬಸ್ ಬರುತ್ತೆ. ದುಡ್ಡು ಕೂಡಿ ಬರ್ಲಿಲ್ಲ ಅಂತ ಕೌಂಟರ್ ಮುಚ್ಕೊಂಡು ಕೂತ್ರೆ ಟೀ ಕೊಡೋರು ಯಾರು? ಸಿಗೋ ತನಕ ಅಂತ ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸ್ತೀನಿ."

"ಅಂಟಿಸಿ ಮರೆತ್ರೆ?"

ಅಕ್ಕ ನಕ್ಕಳು. "ಮರೆಯೋಕೆ ಯಾರಾದ್ರೂ ಬರೀತಾರಾ ಮೇಡಂ? ದಿನಾ ಕಣ್ಣಿಗೆ ಬೀಳ್ಲಿ ಅಂತ ತಾನೆ. ಒಂದೇ ಒಂದು, ಸಿಗೋ ಮುಂಚೆ ಅದನ್ನ ಯಾರ ತಲೆಗೂ ಕಟ್ಬಾರ್ದು. ಯಾರಾದ್ರೂ ಕಟ್ಟೋಕೆ ಬಂದ್ರೆ ನಾನು ಬಿಡಲ್ಲ, ಜಗಳಕ್ಕೇ ನಿಲ್ತೀನಿ."

ಮೂವತ್ತು ವರ್ಷ ಮೇಡಂ ಸಸ್ಪೆನ್ಸ್ ಖಾತೆಯನ್ನು ಶಪಿಸಿದ್ದರು. ಖಾತೆ ಪಾಪ ಏನು ಮಾಡಿತ್ತು? ಮಾಲೀಕ ಪೆಟ್ಟಿಗೆಯ ಕಡೆ ನೋಡಿದಾಗ "ಅವರಲ್ಲ ಸರ್" ಎನ್ನಲು ಒಂದು ಬಾಯಿ ಬೇಕಿತ್ತು. ಆ ಬಾಯಿ ಇವರದಾಗಿತ್ತು, ಸುಮ್ಮನಿತ್ತು. ಅವರಿಗೆ ಅಳು ಬಂತು. ಅಕ್ಕ ಗಾಬರಿಯಾಗಿ ಪಾಸಾಗಲ್ವಾ ಎಂದು ಕೇಳಿದಳು. ಪಾಸಾಗುತ್ತೀಯ ಎಂದು ಹೇಳಬೇಕಾಯಿತು. ಅವಳಿಗೆ ಅರವತ್ತೊಂದು ಮಾರ್ಕ್ಸ್ ಬಂತು.

ಮುಂದಿನ ವರ್ಷದ ಹೊಸ ತರಗತಿಗೆ ಮೇಡಂ ಆ ಏಳು ಪುಟ ಪಾಠ ಮಾಡಿದರು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಲೇ ಮಾಡಿದರು, ಚಕ್ರವೇನೂ ಕಳಚಿರಲಿಲ್ಲ. ಉದಾಹರಣೆಗೆ ಬೋರ್ಡಿನ ಮೇಲೆ ಮರದ ಡಿಪೋದ ಲೆಕ್ಕ ಬರೆದರು. 7,290. 7,920. ಏನೂ ಬಿಡದೆ ಎಲ್ಲವನ್ನೂ ಹೇಳಿದರು.

"ಆಮೇಲೆ ಸಿಕ್ತಾ ಮೇಡಂ?" ಎಂದು ಮುಂದಿನ ಬೆಂಚಿನವಳು ಕೇಳಿದಳು.

"ಸಿಕ್ತು ಅಂದ್ನಲ್ಲ, ಆರುನೂರ ಮೂವತ್ತು."

"ಅದಲ್ಲ ಮೇಡಂ. ಕ್ಯಾಶಿಯರಣ್ಣ."

ಮೇಡಂ ನಿಂತರು. ಚಾಕ್ ತೆಗೆದುಕೊಂಡು ಲೆಕ್ಕದ ಕೆಳಗೆ 'ಕ್ಯಾಶಿಯರಣ್ಣ' ಎಂದು ಬರೆದು, ಎದುರಿಗೆ 'ಸಿಗೋ ತನಕ' ಎಂದು ಬರೆದರು.

"ಇನ್ನೂ ಇಲ್ಲ" ಎಂದರು. "ಬರ್ಕೊಳ್ಳಿ."